ಆರು ಮೊಳ, ನಾಲ್ಕು ಮೊಳ

ನನ್ನ ಮಾತಿನಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬಬೇಕು. ಇದು ಮದ್ದೂರಿನಿಂದ ಮಳವಳ್ಳಿಯವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ. ಹಳ್ಳದಲ್ಲಿ ಎಮ್ಮೆಕರುವಿನಷ್ಟು ದೊಡ್ಡ ಮೀನು ಹಿಡಿದೆ ಎಂದು ನಾನು ಹೇಳಿದರೆ, ಕೇಳಿದವರು ಮನಸ್ಸಿನಲ್ಲೇ ಅದನ್ನು ಆಡಿನಮರಿ ಮಾಡಿಕೊಳ್ಳುತ್ತಿದ್ದರು. ಅದೂ ಸುಳ್ಳೇ. ನಾನು ಹಿಡಿದದ್ದು ಏಡಿ. ಸೇತುವೆಯ ಪಕ್ಕ ಹೋಟೆಲು ಇಟ್ಟಿದ್ದ ಕೆಂಪಯ್ಯ, ನನ್ನ ಕಥೆ ಮುಗಿದ ಕೂಡಲೇ ಗಾಡಿಯವರಿಗೆ ಕೂಗಿ ಹೇಳುತ್ತಿದ್ದ.

"ಅರ್ಧ ಕಳ್ಕೊಳ್ರಪ್ಪ."

ಗಾಡಿಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕಥೆಗೆಂದು ನಿಂತವನು ಕಾಲಿನ ಕೆರ ಬಿಚ್ಚಿ ನನ್ನ ಕಡೆ ಎಸೆಯುತ್ತಿದ್ದ, ಹೊಲಿಯಲಿ ಎಂದು. ನನ್ನ ಸುಳ್ಳಿಗೆ ಅಷ್ಟು ಬೆಲೆ ಇತ್ತು.

ನನ್ನ ಹೆಸರು ಕರಿಸಿದ್ದಯ್ಯ. ಅದರಲ್ಲೂ ಜನ ಕೊನೆಯ ಅಯ್ಯನನ್ನು ಕಳೆದು ಕರಿಸಿದ್ದ ಎನ್ನುತ್ತಿದ್ದರು. ಜಾತಿಯಲ್ಲಿ ಮಾದಿಗ. ಅದರಲ್ಲಿ ಮಾತ್ರ ಯಾರೂ ಏನೂ ಕಳೆಯುತ್ತಿರಲಿಲ್ಲ.

ಮದ್ದೂರು ಮಳವಳ್ಳಿ ರಸ್ತೆಯಲ್ಲಿ ಒಂದು ಹಳ್ಳ, ಹಳ್ಳದ ಮೇಲೆ ಒಂದು ಹಳೆಯ ಕಲ್ಲುಸೇತುವೆ. ಸೇತುವೆಯ ತುದಿಯಲ್ಲಿ ಮೊದಲು ಕೆಂಪಯ್ಯನ ಹೋಟೆಲು. ಆಮೇಲೆ ಹತ್ತು ಮಾರು ಖಾಲಿ ಜಾಗ. ಆಮೇಲೆ ನಾನು. ಆ ಹತ್ತು ಮಾರು ಯಾಕೆ ಖಾಲಿ ಎಂದು ಯಾರೂ ಯಾರನ್ನೂ ಕೇಳಿದ್ದಿಲ್ಲ. ಅಲ್ಲಿ ಹುಲ್ಲೂ ಬೆಳೆಯುತ್ತಿರಲಿಲ್ಲ. ನಾಲ್ಕು ಗೂಟ, ಮೇಲೆ ತೆಂಗಿನ ಗರಿ, ಕೆಳಗೆ ತೊಗಲು ಬಡಿಯುವ ಕಲ್ಲು, ಅಷ್ಟೇ ನನ್ನ ಅಂಗಡಿ. ನನ್ನ ಅಪ್ಪ ಕೂತು ಕೂತು ನೆಲದಲ್ಲಿ ಒಂದು ಗುಳಿ ಬಿದ್ದಿತ್ತು. ಅದರಲ್ಲಿ ನಾನು ಸರಿಯಾಗಿ ಹಿಡಿಸುತ್ತಿದ್ದೆ. ಬೆಲ್ಲದ ಗಾಡಿ, ರಾಗಿ ಗಾಡಿ, ಮದ್ದೂರು ಸಂತೆಗೆ ಹೋಗುವ ಗಾಡಿ ಎಲ್ಲ ಅಲ್ಲೇ ನಿಲ್ಲುತ್ತಿದ್ದವು. ಎತ್ತಿಗೆ ನೀರು, ಯಜಮಾನನಿಗೆ ಕಾಫಿ, ಕೆರಕ್ಕೆ ಅಟ್ಟೆ, ನೊಗಕ್ಕೆ ಮಿಣಿ. ನನಗೂ ಕೆಂಪಯ್ಯನ ಕಾಫಿ ಸಿಗುತ್ತಿತ್ತು. ಕರಟದಲ್ಲಿ, ಎತ್ತರದಿಂದ ಹೊಯ್ದು. ಎತ್ತರದಿಂದ ಹೊಯ್ದರೆ ಕಾಫಿ ಚೆನ್ನಾಗಿ ನೊರೆ ಬರುತ್ತದೆ ಎಂದು ನಾನು ಬೀರಮ್ಮನಿಗೆ ಹೇಳುತ್ತಿದ್ದೆ. ಬೀರಮ್ಮ ನನ್ನ ಹೆಂಡತಿ. ಅವಳು ನನ್ನ ಮಾತಿನಲ್ಲಿ ಅರ್ಧವಲ್ಲ, ಪೂರ್ತಿ ಕಳೆಯುತ್ತಿದ್ದಳು.

ಅದು ಯುದ್ಧದ ಕಾಲ. ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು, ಇದ್ದಿಲು ತಿಂದು ಹೊಗೆ ಕಾರುತ್ತ ಓಡುತ್ತಿದ್ದವು. ಆ ವರ್ಷ ಮಳೆಯಲ್ಲಿ ಸೇತುವೆ ನಡುವೆ ಬಿರುಕು ಬಿಟ್ಟಿತು. ಸರಕಾರದವರು ಎರಡೂ ತುದಿಗೆ ದಿಂಡುಗಲ್ಲು ಉರುಳಿಸಿ ದಾರಿ ಮುಚ್ಚಿದರು. ಗಾಡಿ, ಬಸ್ಸು ಎಲ್ಲ ನಾಲ್ಕು ಮೈಲಿ ಸುತ್ತು ಹಾಕಿ ಬೇರೆ ಕಡೆ ಹೋಗತೊಡಗಿದವು. ಬಿರುಕು ಬಿಡಲು ನಾನೇ ಕಾರಣ, ಒಂದು ಬೂಟಿನ ಮೊಳೆಯನ್ನು ಸ್ವಲ್ಪ ಜೋರಾಗಿ ಬಡಿದುಬಿಟ್ಟೆ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ. ಒಂದು ವಾರ ನಕ್ಕರು. ಎರಡನೇ ವಾರ ನಗಲು ಯಾರೂ ಇರಲಿಲ್ಲ. ಕೆಂಪಯ್ಯನ ಒಲೆ ಆರಿತು. ನಾನು ನನ್ನ ಕೆರವನ್ನೇ ಬಿಚ್ಚಿ ಹೊಲಿದೆ. ಎರಡು ಸಲ. ಗಿರಾಕಿ ಒಳ್ಳೆಯವನು, ಆದರೆ ಕೈಯಲ್ಲಿ ಕಾಸಿಲ್ಲದವನು.

ಹಳೆಯ ಸೇತುವೆಯಿಂದ ಅರ್ಧ ಫರ್ಲಾಂಗು ಮೇಲಕ್ಕೆ ಹೊಸ ಸೇತುವೆ ಕಟ್ಟತೊಡಗಿದರು. ಅಂಗಡಿ ಕಳೆದುಕೊಂಡ ನಾನು ಹೊಟ್ಟೆಗಾಗಿ ಅದಕ್ಕೇ ಕಲ್ಲು ಹೊತ್ತೆ. ಬೀರಮ್ಮ ಮರಳು ಹೊತ್ತಳು. ಹಸಿ ಮರಳು ಒಣ ಮರಳಿಗಿಂತ ಭಾರ. ಸಿಂಬೆಯಿಂದ ನೀರು ಸೋರಿ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಇಳಿದು ಸೀರೆ ಮೈಗೆ ಅಂಟುತ್ತಿತ್ತು. ಮೇಸ್ತ್ರಿ ಅದನ್ನು ನೋಡುತ್ತ ನಿಲ್ಲುತ್ತಿದ್ದ. ಅವಳಿಗೆ ಹೆಂಗಸಾಳೆಂದು ಅರ್ಧ ಕೂಲಿ. ಹನ್ನೊಂದು ತಿಂಗಳು ಹೊತ್ತಳು. ಇದರಲ್ಲಿ ಅರ್ಧ ಕಳೆಯಬೇಡಿ. ಅವಳ ಕತ್ತು ಇವತ್ತಿಗೂ ಎಡಕ್ಕೆ ವಾಲಿದೆ.

ಸೇತುವೆ ಮುಗಿಯುವ ಹೊತ್ತಿಗೆ ಮೈಸೂರಿನಿಂದ ಹುಕುಂ ಬಂತು. ಹಳೆಯ ಸೇತುವೆಯ ಹತ್ತಿರ ವ್ಯಾಪಾರ ಕೆಟ್ಟವರಿಗೆಲ್ಲ ಹೊಸ ಸೇತುವೆಯ ರಸ್ತೆಯಲ್ಲಿ ಜಾಗ. ಮೊದಲು ಎಷ್ಟಿತ್ತೋ ಅಷ್ಟೇ ಜಾಗ, ಪುಕ್ಕಟೆಯಾಗಿ. ಅದನ್ನು ಊರೂರಿಗೆ ತಮಟೆ ಬಡಿದು ಸಾರಲು ಹೇಳಿದರು. ತಮಟೆ ಬಡಿಯುವವನು ಯಾರು? ನಾನೇ. ಮೂರು ಊರು ಸುತ್ತಿ, ಗಂಟಲು ಕಟ್ಟುವವರೆಗೆ ಕೂಗಿದೆ.

"ಯಾಪಾರ ಕೆಟ್ಟೋರ್ಗೆಲ್ಲ ಜಾಗ ಕೊಡ್ತಾರಂತೆ ಕೇಳ್ರಪ್ಪೋ. ಎಲ್ಲಾರ್ಗೂವೆ."

ನನ್ನ ಬಾಯಿಂದ ಬಂದ ಮಾತನ್ನು ನಾನೇ ನಂಬಿದ್ದು ಅದೇ ಮೊದಲು.

ಅಳೆಯಲು ಶೇಕ್ದಾರರು ಬಂದರು. ಅಮಲ್ದಾರರ ಕೈಕೆಳಗಿನ ಅಧಿಕಾರಿ, ಕೋಟು, ಪೇಟ, ಮಂಡಿಯವರೆಗೆ ಕಾಲಚೀಲ. ಜೊತೆಗೆ ಅವರ ಜವಾನ, ದಲಾಯತ ಸಿದ್ದರಾಜು, ಎದೆಯ ಮೇಲೆ ಹಿತ್ತಾಳೆ ಬಿಲ್ಲೆ. ಯಾವಾಗಲೂ ಅಳತೆಗೆ ಕಬ್ಬಿಣದ ಸರಪಳಿ ತರುತ್ತಿದ್ದರು. ಆ ವರ್ಷ ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿತ್ತಂತೆ. ಬಟ್ಟೆಯ ಟೇಪು ತಂದಿದ್ದರು. ಕಬ್ಬಿಣಕ್ಕೆ ಮೈಲಿಗೆ ಹತ್ತುವುದಿಲ್ಲ. ನೂಲಿಗೆ ಹತ್ತುತ್ತದೆ. ಎಲ್ಲೋ ಜರ್ಮನಿಯವನು ಬಾಂಬು ಹಾಕಿದರೆ ಅದು ನನ್ನ ಅಂಗಡಿಯ ಮೇಲೆ ಬಿತ್ತು.

ಕೆಂಪಯ್ಯನ ಹೋಟೆಲನ್ನು ಒಂದು ಗಳಿಗೆಯಲ್ಲಿ ಅಳೆದರು. ಎಮ್ಮೆ ಕಟ್ಟುವ ಜಾಗವನ್ನೂ ಸೇರಿಸಿ ಅಳೆದರು. ಆಮೇಲೆ ನನ್ನ ಹತ್ತಿರ ಬಂದರು. ಸಿದ್ದರಾಜು ಟೇಪಿನ ತುದಿ ಹಿಡಿದು ನನ್ನ ಗೂಟದ ಹೊರಗೆ ನಿಂತ.

"ಒಳೀಕ್ಕೆ ತೊಗ್ಲೈತೆ ಸ್ವಾಮಿ. ನಾ ಕಾಲಿಡಾಕಿಲ್ಲ."

ಶೇಕ್ದಾರರು ಮೂಗಿಗೆ ವಸ್ತ್ರ ಹಿಡಿದು ಯೋಚಿಸಿದರು. "ಹಾಗಾದರೆ ಇವನೇ ಹಿಡಿದುಕೊಳ್ಳಲಿ. ಏಯ್, ಆ ತುದಿ ಹಿಡಿ."

ಸಿದ್ದರಾಜು ತುದಿಯನ್ನು ನೆಲಕ್ಕೆ ಬಿಟ್ಟ. ನಾನು ಎತ್ತಿಕೊಂಡೆ. ಎತ್ತಿದ ಕೂಡಲೇ ಆ ಕಡೆ ಶೇಕ್ದಾರರು ತಮ್ಮ ತುದಿಯನ್ನು ಬಿಟ್ಟರು. ಟೇಪು ಸಡಿಲಾಗಿ ಬಿತ್ತು. ನಾನು ಬಿಟ್ಟೆ. ಅವರು ಎತ್ತಿದರು. ಅವರು ಎಳೆಯಲೆಂದು ನಾನು ಎತ್ತಿದೆ. ಅವರು ಬಿಟ್ಟರು. ಹೀಗೆ ಮೂರು ಸಲ ಆಯಿತು. ದೂರದಿಂದ ನೋಡಿದವರಿಗೆ ನಾವು ಹಾವು ಆಡಿಸುತ್ತಿದ್ದೇವೆ ಎನ್ನಿಸಿರಬೇಕು.

"ತುದಿ ಮ್ಯಾಲೆ ಕಲ್ಲು ಮಡಗ್ಲಾ ಬುದ್ದಿ?" ಎಂದೆ.

"ಯಾವ ಕಲ್ಲು?"

"ಇದೇಯ. ತೊಗ್ಲು ಬಡಿಯೋದು."

ಶೇಕ್ದಾರರು ಕಣ್ಣು ಮುಚ್ಚಿಕೊಂಡರು. ನಾನು ತುದಿ ಬಿಟ್ಟಿದ್ದರಿಂದ ಟೇಪಿನ ಡಬ್ಬಿ ಮತ್ತೆ ಅವರ ಕೈಯಲ್ಲಿತ್ತು. ಆ ಡಬ್ಬಿ ತೊಗಲಿನದು. ಹೊಲಿಗೆ ನೋಡಿದೆ. ಒಳ್ಳೆಯ ಹೊಲಿಗೆ. ನಮ್ಮವನೇ ಯಾವನೋ ಹೊಲಿದದ್ದು. ಅದನ್ನು ಹೇಳೋಣವೆಂದು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಜಾಗ ಬೇಕಾದವನು ಎಲ್ಲವನ್ನೂ ಹೇಳಬಾರದು.

"ಹೋಗಲಿ, ನೀನೇ ಮೊಳ ಹಾಕಿ ಹೇಳು. ಬರೆದುಕೊಳ್ಳುತ್ತೇನೆ," ಎಂದರು.

ನಾನು ಮಂಡಿಯೂರಿ ಮೊಣಕೈ ನೆಲಕ್ಕಿಟ್ಟು ಅಳೆದೆ. ಇಷ್ಟು ವರ್ಷ ಕೂತ ಜಾಗವನ್ನು ನಾಯಿಯಂತೆ ತೆವಳಿ ಅಳೆದೆ. ಉದ್ದ ಆರು ಮೊಳ ಬಂತು. ಅಗಲ ನಾಲ್ಕು. ನಾಲಿಗೆಯ ತುದಿಗೆ ಹನ್ನೆರಡು ಎಂದು ಬಂದಿತ್ತು. ಒಳಗೆ ಬಂದು ನೋಡುವವರು ಯಾರೂ ಇರಲಿಲ್ಲ, ಹನ್ನೆರಡು ಎನ್ನಬಹುದಿತ್ತು. ಯಾಕೋ ಅಪ್ಪನ ಗುಳಿಯ ಮೇಲೆ ಕೈ ಇತ್ತು. ನುಂಗಿಕೊಂಡೆ.

"ಆರು ಮೊಳ ಉದ್ದ, ನಾಕು ಮೊಳ ಅಗಲ ಬುದ್ದಿ."

ಹೋಟೆಲಿನ ಜಗಲಿಯಿಂದ ಕೆಂಪಯ್ಯ ಕೂಗಿದ.

"ಅರ್ಧ ಕಳ್ಕೊಳಿ ಸ್ವಾಮಿ. ಇವನ ಮಾತ್ಗೆ ಇಲ್ಲಿ ಅದೇ ರೂಢಿ."

ಎಲ್ಲರೂ ನಕ್ಕರು. ಶೇಕ್ದಾರರೂ ನಕ್ಕರು. ನಗುತ್ತಲೇ ಬರೆದರು. ಮೂರು ಮೊಳ, ಎರಡು ಮೊಳ. ನಾನೂ ನಕ್ಕೆ. ಅವರು ಬರೆದದ್ದು ನನಗೆ ಅಷ್ಟು ನೋಯುವುದಿಲ್ಲ. ನಾನು ನಕ್ಕದ್ದು ನೋಯುತ್ತದೆ.

ಮನೆಗೆ ಬಂದು ಬೀರಮ್ಮನಿಗೆ ಹೇಳಿದೆ. "ಓಗ್ಲಿ ಬುಡು, ಅರ್ಧನಾರ ಬಂತಲ್ಲ."

ಅವಳು ಎದ್ದಳು. ಮೂಲೆಯಲ್ಲಿದ್ದ ಒಂದು ತೊಗಲನ್ನು ನೆಲಕ್ಕೆ ಹಾಸಿದಳು. ಉದ್ದಕ್ಕೆ ಒಂದು ಮಡಿಕೆ ಮಡಿಸಿದಳು. "ಇದು ಉದ್ದ ಅರ್ಧ." ಅಗಲಕ್ಕೆ ಇನ್ನೊಂದು ಮಡಿಕೆ ಮಡಿಸಿದಳು. "ಇದು ಅಗಲ ಅರ್ಧ. ಈಗ ಏಟೈತೆ ನೋಡು."

ನೋಡಿದೆ. ಕಾಲು ಭಾಗ ಇತ್ತು.

"ಶಾಲೆಗೋದೋರು ನಿಂಗೆ ಮುಕ್ಕಾಲು ತಿಂದವ್ರೆ ಕಣಪ್ಪ," ಎಂದಳು. "ನೀನು ಅರ್ಧ ಅಂತ ಉಲ್ಲಾಸವಾಗಿ ಬಂದಿದ್ದೀಯ."

ಊರಿನವರ ಪಾಲಿಗೆ ನಾನು ಅರ್ಧ ಸುಳ್ಳುಗಾರ. ಸರಕಾರ ಮುಕ್ಕಾಲು ಮಾಡಿತ್ತು. ಆ ಜಾಗದಲ್ಲಿ ಕೂತರೆ ಮಂಡಿ ಗೆರೆಯಾಚೆ ಹೋಗುತ್ತದೆ. ಪಕ್ಕದವನು ಕೆಂಪಯ್ಯ. ಹೊಸ ರಸ್ತೆಯಲ್ಲಿ ಹತ್ತು ಮಾರು ಖಾಲಿ ಬಿಡಲು ಜಾಗವಿಲ್ಲ. ಅದರ ಬದಲು ನನ್ನಿಂದ ಕಳೆದದ್ದನ್ನು ಇಬ್ಬರ ನಡುವೆ ಖಾಲಿ ಬಿಟ್ಟು ಬರೆದಿದ್ದರು. ತೊಗಲು ಹಾಸಬೇಕೆಂದರೆ ಕೆಳಗೆ, ಸತ್ತ ದನ ಎಸೆಯುವ ಇಳಿಜಾರಿಗೆ ಹೋಗಬೇಕು. ಅಲ್ಲಿಗೆ ಯಾವ ಗಾಡಿಯೂ ಬರುವುದಿಲ್ಲ. ರಣಹದ್ದಿಗೆ ಕೆರ ಬೇಕಾಗುವುದಿಲ್ಲ.

ಮಾರನೆಯ ದಿನ ಶೇಕ್ದಾರರು ಇಳಿದುಕೊಂಡಿದ್ದ ಮುಸಾಫರಿ ಬಂಗಲೆಗೆ ಹೋಗಿ, ಅಂಗಳದ ಹೊರಗೆ ನಿಂತು ಕೈ ಮುಗಿದೆ. ಅಳತೆ ನಿಜ, ಇನ್ನೊಂದು ಸಲ ಅಳೆಯಿರಿ ಎಂದೆ.

"ಸರಕಾರದ ಪುಸ್ತಕದಲ್ಲಿ ಬರೆದಾಯಿತು. ಬರೆದದ್ದು ಬದಲಾಗಲ್ಲ," ಎಂದರು ಶೇಕ್ದಾರರು.

"ನಾ ಯೇಳಿದ್ದು ದಿಟ ಬುದ್ದಿ."

"ನಿನ್ನ ಅಳತೆಯಲ್ಲಿ ಅರ್ಧ ಕಳೆಯೋದು ಪದ್ಧತಿಯಂತಲ್ಲಪ್ಪಾ. ಪದ್ಧತಿ ಪ್ರಕಾರ ಬರೆದಿದ್ದೇನೆ." ಆಮೇಲೆ ನೆನಪಾದವರಂತೆ ಹೇಳಿದರು. "ಇರು. ಸೇತುವೆ ತೆರೆಯೋ ದಿವಸ ಮೈಸೂರಿನಿಂದ ದೊಡ್ಡವರು ಬರುತ್ತಾರೆ. ಹಳ್ಳ ದಾಟಿ ದಾಟಿ ನನ್ನ ಬೂಟು ಬಾಯಿ ಬಿಟ್ಟಿದೆ. ಅಂಗಡಿಯಲ್ಲಿ ಸಿಗ್ತಿಲ್ಲ, ತೊಗಲೆಲ್ಲ ದಂಡಿಗೆ ಹೋಗಿದೆ. ಒಂದು ಜೊತೆ ಮಾಡಿಕೊಡು. ನಿನ್ನ ಕೈ ಒಳ್ಳೇದಂತೆ."

ಕೈ ಒಳ್ಳೆಯದು. ಟೇಪು ಹಿಡಿಯಲು ಮಾತ್ರ ಆಗದು.

ಕಾಲನ್ನು ಮುಟ್ಟಿ ಅಳೆಯುವಂತಿಲ್ಲ. ಶೇಕ್ದಾರರು ಹಳ್ಳದಲ್ಲಿ ಪಾದ ಅದ್ದಿ, ಮರಳಿನ ಮೇಲೆ ಒಂದು ಹೆಜ್ಜೆ ಇಟ್ಟು ಸರಿದು ನಿಂತರು. ನಾನು ಹೆಜ್ಜೆಯ ಗುರುತಿಗೆ ಗೇಣು ಹಾಕಿದೆ. ಒಂದು ಗೇಣು, ಎರಡು ಬೆರಳು. ಗಟ್ಟಿಯಾಗಿ ಹೇಳಿದೆ. ಅವರು ಹೂಂ ಎಂದರು.

ಒಂಬತ್ತು ದಿನ ಕೂತು ಹೊಲಿದೆ. ಮನೆಯಲ್ಲಿ ಉಳಿದಿದ್ದ ಒಳ್ಳೆಯ ತೊಗಲು ತೆಗೆದೆ. ತಂಗಡಿ ಗಿಡದ ಚಕ್ಕೆಯಲ್ಲಿ ಹದ ಮಾಡಿದ್ದು, ಮಗುವಿನ ಕೆನ್ನೆಯಂತಿತ್ತು. ದಾರಕ್ಕೆ ಮೇಣ ತಿಕ್ಕಿ ಒತ್ತೊತ್ತಾಗಿ ಹೊಲಿಗೆ ಹಾಕಿದೆ. ದಾರ ಎಳೆದು ಎಳೆದು ಕಿರುಬೆರಳು ಕುಯ್ದು ಎಲುಬು ಕಂಡಿತು. ಸುಳ್ಳು. ಕಂಡದ್ದು ರಕ್ತ ಮಾತ್ರ. ಅಟ್ಟೆಗೆ ಒಂದೊಂದಕ್ಕೆ ಹದಿನೆಂಟು ಮೊಳೆ ಬಡಿದೆ. ಬೀರಮ್ಮ ಕೈಗೆತ್ತಿಕೊಂಡು ನೋಡಿದಳು.

"ಎಸ್ಟ್ ಮುದ್ದಾಗದೆ. ಯಾರ ಮಗೀಗೆ?"

"ಶೇಕ್ದಾರ್ರಿಗೆ."

"ಶೇಕ್ದಾರ್ರ ಮಗೀಗಾ?"

"ಶೇಕ್ದಾರ್ರಿಗೇ ಕಣಮ್ಮಿ."

ಅವಳು ಬೂಟು ನೋಡಿದಳು, ನನ್ನನ್ನು ನೋಡಿದಳು. ಹನ್ನೊಂದು ತಿಂಗಳಲ್ಲಿ ಮೊದಲ ಸಲ ನಕ್ಕಳು. ಕತ್ತು ನೋಯುತ್ತದೆಂದು ಕೈಯಲ್ಲಿ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಂತಿತು.

"ಒದೆ ತಿಂತೀಯ."

"ಅರ್ಧ ಕಳೆದು ಒಡೀತಾರೆ ಬುಡು."

ಸೇತುವೆ ತೆರೆಯುವ ಹಿಂದಿನ ದಿನ ಮಧ್ಯಾಹ್ನ ಶೇಕ್ದಾರರು ಹೊಸ ರಸ್ತೆಯಲ್ಲಿ ಜಾಗಗಳಿಗೆ ಗೂಟ ಹೊಡೆಸುತ್ತಿದ್ದರು. ಟೇಪು ನೆಲದ ಮೇಲೆ ಹಾಸಿತ್ತು. ಕೆಂಪಯ್ಯ ಇದ್ದ, ಸಿದ್ದರಾಜು ಇದ್ದ, ಊರಿನ ಹತ್ತಾರು ಜನ ಇದ್ದರು. ನಾನು ಬೂಟನ್ನು ನೆಲದ ಮೇಲಿಟ್ಟು ಹಿಂದೆ ಸರಿದೆ.

ಶೇಕ್ದಾರರು ಬಗ್ಗಿ ನೋಡಿದರು. "ಇದೇನೋ?"

"ತಮ್ಮ ಬೂಟು ಬುದ್ದಿ."

"ಇದು ಎರಡು ವರ್ಷದ ಮಗುವಿಗೂ ಆಗಲ್ಲ."

"ಒಂದು ಗೇಣು ಎರಡು ಬೆರಳಿತ್ತು ಬುದ್ದಿ. ಆದ್ರೆ ಅಳೆದೋನು ನಾನು. ನನ್ನ ಅಳತೇಲಿ ಅರ್ಧ ಕಳೀಬೇಕು ಅಂತ ಸರ್ಕಾರದ್ ಪುಸ್ತಕದಲ್ಲೇ ಬರ್ದೈತಂತೆ. ಕಳೆದೆ."

ಯಾರೂ ನಗಲಿಲ್ಲ. ನನ್ನ ಬದುಕಿನಲ್ಲೇ ನಾನು ಹೇಳಿದ ಅತಿ ಒಳ್ಳೆಯ ಮಾತು, ಒಬ್ಬನೂ ನಗಲಿಲ್ಲ. ಕೆಂಪಯ್ಯ ಕೆಮ್ಮಿದ.

"ನಾಳೆ ಬೆಳಗಾಗೋದರೊಳಗೆ ಬೇರೆ ಮಾಡಿ ತರಬೇಕು," ಎಂದರು ಶೇಕ್ದಾರರು. ದನಿ ಮೆತ್ತಗಿತ್ತು.

"ಆಗಾಕಿಲ್ಲ."

ಆ ಮಾತು ನನ್ನ ಬಾಯಿಂದ ಬಂತೇ ಎಂದು ನಾನೇ ಹಿಂದೆ ತಿರುಗಿ ನೋಡಿದೆ. ಹಿಂದೆ ಬೀರಮ್ಮ ನಿಂತಿದ್ದಳು. ಅವಳ ಬಾಯಿ ಮುಚ್ಚಿತ್ತು. ನಾನೇ ಆಡಿದ್ದೆ.

"ಏನಂದೆ?"

"ಆಗಾಕಿಲ್ಲ ಅಂದೆ. ಮೊದ್ಲು ನನ್ನ ಜಾಗ ಪೂರ್ತಿ ಅಳೀರಿ. ಆಮ್ಯಾಕೆ ತಮ್ಮ ಕಾಲು ಪೂರ್ತಿ ಅಳೀತೀನಿ." ಬಗ್ಗಿ ಟೇಪಿನ ತುದಿ ಎತ್ತಿಕೊಂಡೆ. "ಈ ತುದಿ ನಾನು ಇಡ್ಕೊಂಡಿವ್ನಿ. ಆ ತುದಿ ತಾವು ಇಡ್ಕೊಳಿ. ಇಬ್ರೂ ಒಟ್ಗೆ. ಬುಡಬ್ಯಾಡಿ."

ಡಬ್ಬಿ ಅವರ ಕೈಯಲ್ಲಿತ್ತು. ಕೆಂಡ ಹಿಡಿದವರಂತೆ ಎಸೆದರು.

ಆಮೇಲೆ ಸಿದ್ದರಾಜುವಿಗೆ ಹೇಳಿದರು. ಅವನಿಗೂ ಪೇಚು. ಹೊಡೆಯಬೇಕು, ಮುಟ್ಟಬಾರದು. ಕೋಲು ಹತ್ತಿರ ಇರಲಿಲ್ಲ. ಬೂಟು ಇತ್ತು. ಬಲಗೈಯಲ್ಲಿ ಒಂದು, ಎಡಗೈಯಲ್ಲಿ ಒಂದು ಹಿಡಿದುಕೊಂಡ. ಕೈಗೆ ಸರಿಯಾಗಿ ಹಿಡಿಸಿದವು. ಮೊದಲ ಏಟು ದವಡೆಗೆ. ಎರಡನೆಯದು ಕಿವಿಗೆ. ಆಮೇಲೆ ಎಣಿಸಲಿಲ್ಲ. ಬೂಟು ಅರ್ಧದ್ದಾದರೂ ನೋವು ಪೂರ್ತಿ ಬರುತ್ತದೆ. ಹದಿನೆಂಟು ಮೊಳೆ ಯಾಕೆ ಬಡಿದೆ, ಹನ್ನೆರಡು ಸಾಕಿತ್ತು ಎಂದು ಬಿದ್ದಲ್ಲೇ ಯೋಚಿಸಿದೆ. ಒಳ್ಳೆಯ ಕೆಲಸ ಮಾಡುವ ಚಟ ನನ್ನ ಕೈಗೆ ಮೊದಲಿನಿಂದಲೂ ಇದೆ. ಒಂದು ಮೊಳೆಯೂ ಸಡಿಲವಾಗಲಿಲ್ಲ. ಎರಡು ಹಲ್ಲು ಸಡಿಲವಾದವು.

ಎಲ್ಲರೂ ಹೋದರು. ಬೂಟನ್ನು ನನ್ನ ಮೇಲೆ ಎಸೆದು ಹೋದರು. ಟೇಪು ಅಲ್ಲೇ ಬಿದ್ದಿತ್ತು. ನಾನು ಒಂದು ತುದಿ ಹಿಡಿದಾಗ ಆ ಕಡೆ ಡಬ್ಬಿ ಶೇಕ್ದಾರರ ಕೈಯಲ್ಲಿತ್ತು. ನೂಲಿನ ಉದ್ದಕ್ಕೂ ಮೈಲಿಗೆ ಹರಿದಿತ್ತು. ಸರಕಾರದ ಟೇಪನ್ನು ಎತ್ತಿಕೊಳ್ಳುವವರು ಯಾರೂ ಇರಲಿಲ್ಲ.

ಬೀರಮ್ಮ ಬಂದಳು. ನನ್ನನ್ನು ಎಬ್ಬಿಸುತ್ತಾಳೆಂದುಕೊಂಡೆ. ಅವಳು ಟೇಪನ್ನು ಎತ್ತಿಕೊಂಡಳು. ಕೆಸರು ಒರೆಸಿದಳು.

"ಏಳು. ಆ ತುದಿ ಇಡ್ಕೊ."

"ಮೈಯೆಲ್ಲ ನೋಯ್ತದೆ ಕಣೆ."

"ಅರ್ಧ ಕಳಿ. ಇಡ್ಕೊ."

ಹಿಡಿದುಕೊಂಡೆ. ಅವಳು ಎಳೆದಳು. ಟೇಪು ಬಿಗಿಯಾಯಿತು. ಎರಡು ಕೈ ಒಟ್ಟಿಗೆ ಹಿಡಿದರೆ ಅದು ಹೇಗೆ ಬಿಗಿಯಾಗಿ ನಿಲ್ಲುತ್ತದೆ ಎಂದು ಆಗ ನೋಡಿದೆ. ಆರು ಮೊಳ, ನಾಲ್ಕು ಮೊಳ. ಮೂಲೆಗೆ ಹಳೆಯ ಅಂಗಡಿಯ ನಾಲ್ಕು ಗೂಟ ತಂದು ಹೊಡೆದೆವು. ನಡುವೆ ತೊಗಲು ಬಡಿಯುವ ಕಲ್ಲು ಇಟ್ಟೆವು. ಕೆಂಪಯ್ಯ ಬಂದು ದೂರ ನಿಂತ.

"ಲೇ ಕರಿಸಿದ್ದ, ನನ್ ಜಾಗದ್ ಪಕ್ಕಕ್ಕೇ ಬಂದ್ಬುಟ್ಟಿದ್ದೀಯಲ್ಲಾ. ಜಾಸ್ತಿ ಆಗದೆ ಕಣ್ಲಾ."

ನಾನು ಮಾತಾಡುವ ಹಾಗಿರಲಿಲ್ಲ, ತುಟಿ ಊದಿತ್ತು. ಬೀರಮ್ಮ ಟೇಪಿನ ತುದಿಯನ್ನು ಅವನತ್ತ ಚಾಚಿದಳು.

"ಜಾಸ್ತಿ ಆಗಿದ್ರೆ ಆ ತುದಿ ಇಡ್ಕೊಳಿ ಗೌಡ್ರೆ. ಅಳೆಯವಾ."

ಕೆಂಪಯ್ಯ ಟೇಪನ್ನು ನೋಡಿದ. ಅವಳ ಕೈಯನ್ನು ನೋಡಿದ. ಹಳೆಯ ಹೋಟೆಲಿನ ದಾರಿ ಹಿಡಿದ.

ಮಾರನೆಯ ದಿನ ದೊಡ್ಡವರು ಮೋಟಾರಿನಲ್ಲಿ ಬಂದರು. ಹಾರ, ಭಾಷಣ, ಕತ್ತರಿ. ತಮಟೆಗೆ ಕರೆ ಬಂತು. ಕೈ ಊದಿದೆ ಎಂದು ಹೇಳಿ ಕಳುಹಿಸಿದೆ. ಅದು ನಿಜ. ಊದದಿದ್ದರೂ ಹೋಗುತ್ತಿರಲಿಲ್ಲ, ಅದೂ ನಿಜ. ನಾವಿಬ್ಬರೂ ನಮ್ಮ ನಾಲ್ಕು ಗೂಟದ ನಡುವೆ ಕೂತಿದ್ದೆವು. ಮುಂದಿನ ಗೂಟಕ್ಕೆ ಆ ಬೂಟಿನ ಜೊತೆಯನ್ನು ತೂಗುಹಾಕಿದ್ದೆ. ಶೇಕ್ದಾರರು ಹಳೆಯ ಬೂಟಿನ ಬಾಯಿಗೆ ದಾರ ಬಿಗಿದುಕೊಂಡು ದೊಡ್ಡವರ ಹಿಂದೆ ಪಟಕ್ ಪಟಕ್ ಎಂದು ನಡೆದು ಬಂದರು. ನಮ್ಮನ್ನು ನೋಡಿದರು. ದೊಡ್ಡವರ ಎದುರು ಏನೂ ಅನ್ನಲಾಗಲಿಲ್ಲ.

ದೊಡ್ಡವರ ಹೆಂಡತಿ ನಿಂತರು. ಬೂಟು ಕಣ್ಣಿಗೆ ಬಿದ್ದಿತ್ತು. "ಎಷ್ಟು ಚೆನ್ನಾಗಿದೆ. ನಮ್ಮ ಪಾಪುವಿಗೆ ಆಗುತ್ತೆ. ಕೊಡ್ತೀಯೇನಮ್ಮಾ?"

"ಮಾರಾಕಲ್ಲ ಕಣವ್ವ," ಎಂದಳು ಬೀರಮ್ಮ. "ಅದು ಶೇಕ್ದಾರ್ರದು."

ದೊಡ್ಡವರು ಶೇಕ್ದಾರರ ಮುಖ ನೋಡಿದರು. ಆಮೇಲೆ ಕಾಲು ನೋಡಿದರು.

ನಮ್ಮನ್ನು ಎಬ್ಬಿಸಲು ಆಮೇಲೆ ಮೂರು ಸಲ ಬಂದರು. ಜಾಸ್ತಿ ಇದೆ ಎಂದು ಬರೆಯಲು ಅಳೆಯಬೇಕು. ಅಳೆಯಲು ಟೇಪು ಬೇಕು. ಟೇಪು ನನ್ನ ಹತ್ತಿರ ಇದೆ. ಆ ತುದಿ ಹಿಡಿಯುವವನು ಇನ್ನೂ ಹುಟ್ಟಿಲ್ಲ. ಎರಡು ಸಲ ಗರಿ ಕಿತ್ತು ಎಸೆದರು, ಒಂದು ಸಲ ಬೆಂಕಿ ಇಟ್ಟರು. ಮತ್ತೆ ಕಟ್ಟಿದೆವು. ಗುಳಿ ಮಾತ್ರ ಇನ್ನೂ ಬಿದ್ದಿಲ್ಲ. ಅದಕ್ಕೆ ಅಪ್ಪನಷ್ಟು ವರ್ಷ ಕೂರಬೇಕು. ಕೂರುತ್ತೇನೆ.

ನಾನು ಹೇಳಿದ್ದರಲ್ಲಿ ನಿಮಗೆ ಬೇಕಾದಷ್ಟು ಕಳೆದುಕೊಳ್ಳಿ. ದೊಡ್ಡವರ ಹೆಂಡತಿ ನಿಲ್ಲಲಿಲ್ಲ ಎನ್ನಿ, ಮೋಟಾರು ಹಾಗೇ ಹೋಯಿತು ಎನ್ನಿ. ಸಡಿಲವಾದದ್ದು ಎರಡು ಹಲ್ಲಲ್ಲ, ಒಂದು ಎನ್ನಿ. ಆರು ಮೊಳ, ನಾಲ್ಕು ಮೊಳ. ಅದರಲ್ಲಿ ಒಂದು ಬೆರಳು ಕಳೆಯುವವನು ಬಂದು ಟೇಪಿನ ಆ ತುದಿ ಹಿಡಿಯಲಿ.